ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಇರುತ್ತದಾ? ಮಕ್ಕಳನ್ನು ಬಯಲಿಗೆ ಕರೆದೊಯ್ದ ಕಥೆ

ಬಯಲುಮೇಷ್ಟ್ರು: ದಾವಣಗೆರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ 4ನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಜನವರಿ ಕೊನೆಯ ವಾರ ಮೈದಾನದಲ್ಲಿ ಒಂದು ಮೀಟರ್ ಕೋಲು ನೆಟ್ಟೆವು. ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಹುಣಸೆ ಬೀಜ ಇಟ್ಟು ಅಳೆಯುವುದು, ಅಷ್ಟೇ ಕೆಲಸ. 12 ಗಂಟೆಗೆ 70 ಸೆಂ.ಮೀ. ಇತ್ತು. ಇನ್ನು ಉದ್ದ ಆಗುತ್ತದೆ ಅಂದುಕೊಂಡರೆ ಗಿಡ್ಡ ಆಗುತ್ತಲೇ ಹೋಯಿತು. 12.40ರ ಆಸುಪಾಸಿನಲ್ಲಿ 66. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದುಕೊಂಡೇ ಕೋಲಿನ ಸುತ್ತ ನಿಂತರು. ‘ಸಾರ್, ಗಡಿಯಾರ ತಪ್ಪಾ, ಸೂರ್ಯ ತಪ್ಪಾ?’ ಅಂತ ಒಬ್ಬಳು ಕೇಳಿದಳು. ಇಂಥ ಪ್ರಶ್ನೆ ಕೋಣೆಯೊಳಗೆ ಹುಟ್ಟುವುದಿಲ್ಲ. ವಾರಕ್ಕೆ ಒಂದು ಪಾಠವಾದರೂ ಹೊರಗೆ ಆಗಬೇಕು.

ಇಬ್ಬರ_ಅಮ್ಮ: ಕೋಣೆಯೊಳಗೆ ಹುಟ್ಟದೇ ಇರುವುದು ಇನ್ನೂ ಒಂದಿದೆ ಸರ್, ಕಂಬಳಿಹುಳ. ನನ್ನ ಮಗ ‘ಹೊರಗಿನ ಪಾಠ’ದಿಂದ ಜೇಬಲ್ಲಿ ಹಾಕಿಕೊಂಡು ಬಂದ. ರಾತ್ರಿಯೆಲ್ಲಾ ಕೆರೆತ. ಇದಕ್ಕೆ ಯಾರು ಹೊಣೆ?

ಲೆಕ್ಕಪಕ್ಕ: 12 ಗಂಟೆಗೆ 70 ಸೆಂ.ಮೀ.? ಹನ್ನೆರಡಕ್ಕೆ ಸೂರ್ಯ ನೆತ್ತಿ ಮೇಲೆ, ನೆರಳು ಕಾಲಡಿ. ನಮ್ಮಜ್ಜಿಗೂ ಗೊತ್ತು. ನಿಮ್ಮ ಕೋಲು ವಾಲಿತ್ತು, ಅಷ್ಟೇ.

ಬಯಲುಮೇಷ್ಟ್ರು: ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದ್ದೇವೆ, ನೆಟ್ಟಗೇ ಇತ್ತು. ದಾವಣಗೆರೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಒಮ್ಮೆ. ಜನವರಿಯಲ್ಲಿ ದಕ್ಷಿಣದ ಕಡೆ ಇರುತ್ತಾನೆ.

ಲೆಕ್ಕಪಕ್ಕ: ‘ಎರಡೇ ಸಲ’ವಂತೆ! ಬೆಂಗಳೂರಿನ ಶೂನ್ಯ ನೆರಳಿನ ದಿನ ಏಪ್ರಿಲ್ 24ಕ್ಕೆ ಅಂತ ಪ್ರತಿ ವರ್ಷ ಪೇಪರಲ್ಲಿ ಬರುತ್ತದೆ. ಒಂದೇ ದಿನ.

ತಾರೆಗಣ್ಣು: ಆಗಸ್ಟ್ 18 ಯಾರ ಪಾಲಿಗೆ? ಆಗ ಮೋಡ ಜಾಸ್ತಿ, ಅಷ್ಟು ಸುದ್ದಿಯಾಗುವುದಿಲ್ಲ. ಅದೂ 12ಕ್ಕಲ್ಲ, ಸುಮಾರು 12.24ಕ್ಕೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಅಲ್ಲಿಂದ ಒಂದು ಡಿಗ್ರಿ ಪಶ್ಚಿಮಕ್ಕೆ ಬಂದರೆ ಸೂರ್ಯ 4 ನಿಮಿಷ ತಡ. ದಾವಣಗೆರೆ ಇರುವುದು ಹತ್ತಿರ ಹತ್ತಿರ 76ರಲ್ಲಿ. ಅಲ್ಲಿಗೆ 26 ನಿಮಿಷ ತಡ.

ಲೆಕ್ಕಪಕ್ಕ: 26 ಅಂದರೆ 12.26. ಮೇಷ್ಟ್ರು ಹೇಳಿದ್ದು 12.40. ಸಿಕ್ಕಿಬಿದ್ದರಲ್ಲ!

ತಾರೆಗಣ್ಣು: ಪೂರ್ತಿ ಓದುವ ಅಭ್ಯಾಸ ಇಲ್ಲವೇನೋ. ಭೂಮಿ ಸೂರ್ಯನನ್ನು ಸುತ್ತುವ ವೇಗ ವರ್ಷವಿಡೀ ಒಂದೇ ಅಲ್ಲ, ಜೊತೆಗೆ ಭೂಮಿಯ ಅಕ್ಷ ವಾಲಿದೆ. ಹಾಗಾಗಿ ಜನವರಿ ಕೊನೆಗೆ ಸೂರ್ಯ ಇನ್ನೂ 12-13 ನಿಮಿಷ ಹಿಂದೆ ಬೀಳುತ್ತಾನೆ. ಕೂಡಿಸಿ ನೋಡಿ.

ಲೆಕ್ಕಪಕ್ಕ: ‘ಅಭ್ಯಾಸ ಇಲ್ಲ’ ಅನ್ನುವ ಮಾತು ಬೇಡ. 22 ವರ್ಷ ಲೆಕ್ಕಪತ್ರ ಬರೆದಿದ್ದೇನೆ. ಈ ಅಕ್ಷ, ರೇಖಾಂಶ ಎಲ್ಲ 9 ವರ್ಷದ ಮಗುವಿಗೆ ಹೇಳುತ್ತೀರಾ?

ಬಯಲುಮೇಷ್ಟ್ರು: ಹೇಳುವುದಿಲ್ಲ. ಅಳೆಸುತ್ತೇನೆ.

ಒಂಟಿಟೀಚರ್: ‘ವಾರಕ್ಕೆ ಒಂದು’ ಅಂತ ಸಲೀಸಾಗಿ ಬರೆದಿದ್ದೀರಿ ಸರ್. ನಮ್ಮ ಶಾಲೆಯಲ್ಲಿ 1ರಿಂದ 5ರವರೆಗೆ ನಾನೊಬ್ಬಳೇ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಎರಡನೆಯವರು ಇನ್ನೂ ಬಂದಿಲ್ಲ. ನಾಲ್ಕನೆಯವರ ಜೊತೆ ನಾನು ಬಿಸಿಲಲ್ಲಿ ನಿಂತರೆ ಒಂದನೆಯವರು ನೀರಿನ ತೊಟ್ಟಿ ಹತ್ತಿರ ಇರುತ್ತಾರೆ.

ಹಳೆವಿದ್ಯಾರ್ಥಿ: ಮನಸ್ಸಿದ್ದರೆ ಆಗುತ್ತದೆ ಮೇಡಂ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯವರು ಒಟ್ಟಿಗೆ ಕಲಿಯುವುದಿಲ್ಲವೇ?

ಒಂಟಿಟೀಚರ್: ನಲಿಕಲಿ 1ರಿಂದ 3ಕ್ಕೆ. ಇಲ್ಲಿ ಮಾತು 4ನೆಯದ್ದು. ‘ಮನಸ್ಸಿದ್ದರೆ’ ಅನ್ನುವವರು ಒಂದು ದಿನ ಬಂದು ತೊಟ್ಟಿ ಕಾಯಿರಿ.

ಹಳೆವಿದ್ಯಾರ್ಥಿ: ಬೈಯುವುದು ಯಾಕೆ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಅನ್ನುತ್ತದೆ.

ಲೆಕ್ಕಪಕ್ಕ: ಜೋಡಿಸಿ ಅಂದಿದೆ, ಬಿಸಿಲಲ್ಲಿ ನಿಲ್ಲಿಸಿ ಅಂದಿಲ್ಲ. ಶೂನ್ಯ ನೆರಳನ್ನೇ ತೋರಿಸಬೇಕಿದ್ದರೆ ಏಪ್ರಿಲ್ ಕೊನೆಗೆ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ನೀವೇ ಹೇಳಿದ ಮೋಡ. ಪಾಠ ಯಾವಾಗ, ಕನಸಲ್ಲಾ?

ತಾರೆಗಣ್ಣು: ಅಂದರೆ ಆಗಸ್ಟ್‌ನಲ್ಲೂ ಒಂದು ದಿನ ಇದೆ ಅಂತ ಒಪ್ಪಿದಿರಿ!

ಲೆಕ್ಕಪಕ್ಕ: ಏನೂ ಒಪ್ಪಿಲ್ಲ. ನಿಮ್ಮ ಮಾತು ನಿಮಗೇ ಹೇಳಿದೆ.

ಬಯಲುಮೇಷ್ಟ್ರು: ನಾನು ಶೂನ್ಯ ನೆರಳು ತೋರಿಸುತ್ತೇನೆ ಅಂದೇ ಇಲ್ಲವಲ್ಲ ಮಾರಾಯರೇ. ಒಂದು ಕೋಲು, ಹತ್ತು ಹುಣಸೆ ಬೀಜ. ನಾಳೆ ನಿಮ್ಮ ಮನೆ ಹತ್ತಿರವೇ ನೆಟ್ಟು ನೋಡಿ.

ಲೆಕ್ಕಪಕ್ಕ: (ಮರುದಿನ) ಟೆರೇಸ್ ಮೇಲೆ ಪೊರಕೆ ಹಿಡಿ ನಿಲ್ಲಿಸಿ ನೋಡಿದೆ. 12ಕ್ಕೆ ನೆರಳು ಇತ್ತು. ಆದರೆ ನಮ್ಮ ಟೆರೇಸ್ ಇಳಿಜಾರು, ಮಳೆನೀರು ಹರಿಯಲಿ ಅಂತ ಮಾಡಿಸಿದ್ದು. ಲೆಕ್ಕಕ್ಕೆ ಬರುವುದಿಲ್ಲ.

ತಾರೆಗಣ್ಣು: 12.40ಕ್ಕೆ ನೋಡಿದಿರಾ?

ಲೆಕ್ಕಪಕ್ಕ: ಊಟಕ್ಕೆ ಕರೆದರು.

ಇಬ್ಬರ_ಅಮ್ಮ: ಕಂಬಳಿಹುಳದ ವಿಷಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.