ಡಿಗ್ರಿಗೆ ವಿಶ್ವ ಧರ್ಮಗಳ ಅಧ್ಯಯನ ತಗೊಂಡ್ರೆ ನಿಜವಾಗ್ಲೂ ಏನು ಕಲೀತೀವಿ?

ಮಳೆಹನಿ:
ಎಲ್ರಿಗೂ ನಮಸ್ಕಾರ. ಡಿಗ್ರಿಗೆ ಅಪ್ಲಿಕೇಶನ್ ಹಾಕೋ ಟೈಮ್ ಹತ್ರ ಬಂತು, ನಂಗೆ ರಿಲಿಜಿಯಸ್ ಸ್ಟಡೀಸ್ ತಗೋಬೇಕು ಅಂತ ತುಂಬಾ ಆಸೆ, ಆದ್ರೆ ಮನೇಲಿ ಯಾರಿಗೂ ಇದೇನು ಅಂತಾನೇ ಗೊತ್ತಾಗ್ತಿಲ್ಲ. ಅಪ್ಪ ಕೇಳ್ತಾರೆ ಇದನ್ನ ಓದಿ ಧರ್ಮ ಪ್ರಚಾರಕ್ಕೆ ಹೋಗ್ತೀಯಾ ಅಂತ, ಅಮ್ಮಂಗೆ ನಾನು ಇರೋ ನಂಬಿಕೆನೂ ಕಳ್ಕೊಂಡ್ಬಿಡ್ತೀನಿ ಅಂತ ಭಯ. ನಿಜ ಹೇಳ್ಬೇಕಂದ್ರೆ ನಂಗೂ ಆ ಭಯ ಇದೆ, ನಾನು ದಿನಾ ಪ್ರಾರ್ಥನೆ ಮಾಡೋಳು. ಥಿಯಾಲಜಿಗೂ ಇದಕ್ಕೂ ಏನು ವ್ಯತ್ಯಾಸ? ಮೂರು ವರ್ಷದಲ್ಲಿ ಐದಾರು ಧರ್ಮ ಓದೋದು ಅಂದ್ರೆ ಎಲ್ಲಾ ಮೇಲ್ಮೇಲೇ ಆಗ್ಬಿಡಲ್ವಾ? ಓದಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಹಳೇ_ವಿದ್ಯಾರ್ಥಿ:
ನಾನು ಇದನ್ನೇ ಓದಿದ್ದು. ಥಿಯಾಲಜಿ ಸಾಮಾನ್ಯವಾಗಿ ಒಂದು ಧರ್ಮದ ಒಳಗೆ ನಿಂತ್ಕೊಂಡು ದೇವರ ಬಗ್ಗೆ ಯೋಚಿಸೋದು, ಇಲ್ಲಿ ಜನ ಏನು ನಂಬ್ತಾರೆ, ಏನು ಮಾಡ್ತಾರೆ, ಯಾಕೆ ಮಾಡ್ತಾರೆ ಅಂತ ನೋಡ್ತೀವಿ, ಅದು ಸತ್ಯಾನಾ ಸುಳ್ಳಾ ಅನ್ನೋ ತೀರ್ಪನ್ನ ಸದ್ಯಕ್ಕೆ ಪಕ್ಕಕ್ಕಿಟ್ಟು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಯೂನಿವರ್ಸಿಟಿಲಿ ಈ ವಿಭಾಗ ಶುರು ಮಾಡಿದ ನಿನಿಯನ್ ಸ್ಮಾರ್ಟ್ ಅವರು ಧರ್ಮ ಅಂದ್ರೆ ಬರೀ ಸಿದ್ಧಾಂತ ಅಲ್ಲ, ಆಚರಣೆ, ಕಥೆ, ಅನುಭವ, ನೀತಿ, ಸಮುದಾಯ, ಕೊನೆಗೆ ಕಟ್ಟಡ ವಿಗ್ರಹಗಳಂಥ ವಸ್ತುಗಳನ್ನೂ ಸೇರಿಸಿ ನೋಡ್ಬೇಕು ಅಂತ ಹೇಳಿದ್ರು, ಇವತ್ತಿಗೂ ಮೊದಲ ವರ್ಷದಲ್ಲಿ ಅದು ಬರುತ್ತೆ.

ಮೇಲ್ಮೇಲೆ ಆಗುತ್ತಾ ಅಂದ್ಯಲ್ಲ, ನನ್ನ ಮೊದಲ ಪ್ರಬಂಧದ ಕಥೆ ಕೇಳು. ಉಪವಾಸದ ಬಗ್ಗೆ ಬರೀಬೇಕಿತ್ತು. ರಂಜಾನ್, ಯಹೂದಿಗಳ ಯೋಮ್ ಕಿಪ್ಪುರ್, ಜೈನರ ಪರ್ಯುಷಣ ಮೂರನ್ನೂ ತಗೊಂಡು ಎಲ್ಲಾ ಧರ್ಮಗಳೂ ಹೇಳೋದು ಆತ್ಮಸಂಯಮಾನೇ ಅಂತ ಚೆನ್ನಾಗಿ ಬರ್ದೆ ಅನ್ಕೊಂಡಿದ್ದೆ. ಮೇಷ್ಟ್ರು ಅಂಚಲ್ಲಿ ಒಂದೇ ಪ್ರಶ್ನೆ ಬರೆದಿದ್ರು: 'ಇದು ಯಾರ ಮಾತು?' ಮತ್ತೆ ಕೂತು ಓದ್ದೆ. ರಂಜಾನ್ ಕುರಾನ್ ಇಳಿದು ಬಂದ ತಿಂಗಳು, ಬೆಳಗಿನ ಜಾವದಿಂದ ಸೂರ್ಯ ಮುಳುಗೋವರೆಗೂ ಉಪವಾಸ, ಆಮೇಲೆ ಜೊತೆಗೆ ಕೂತು ಊಟ. ಯೋಮ್ ಕಿಪ್ಪುರ್ ಸುಮಾರು 25 ಗಂಟೆ, ನೀರೂ ಇಲ್ಲ, ಅದು ಪ್ರಾಯಶ್ಚಿತ್ತದ ದಿನ. ಜೈನರಿಗೆ ಉಪವಾಸ ಅಂದ್ರೆ ತಪಸ್ಸು, ಆತ್ಮಕ್ಕೆ ಅಂಟಿರೋ ಕರ್ಮವನ್ನ ಉದುರಿಸೋ ದಾರಿ, ಅದಕ್ಕೆ ನಿರ್ಜರಾ ಅಂತಾರೆ. ಮೂರು ಕಡೇನೂ ಹೊಟ್ಟೆ ಖಾಲಿ ಆದ್ರೆ ಮೂರು ಬೇರೆ ಬೇರೆ ಕೆಲಸ ನಡೀತಿದೆ. ಅವತ್ತಿಂದ 'ಎಲ್ಲಾ ಒಂದೇ' ಅಂತ ಬರೆಯೋಕೆ ಮುಂಚೆ ಪೆನ್ನು ನಿಲ್ಲುತ್ತೆ.

ನಂಬಿಕೆ ವಿಷಯ. ಎರಡನೇ ವರ್ಷ ನಮ್ಮದೇ ಗ್ರಂಥ ಹಲವು ಕೈಗಳಲ್ಲಿ ಶತಮಾನಗಳ ಕಾಲ ಬೆಳೆದಿದ್ದು ಅಂತ ಓದಿದಾಗ ಕೆಲವು ವಾರ ಪ್ರಾರ್ಥನೆಗೆ ಕೂರೋಕೇ ಆಗ್ಲಿಲ್ಲ ನಂಗೆ. ಕಷ್ಟ ಆಯ್ತು, ಮುಚ್ಚಿಡಲ್ಲ. ಆಮೇಲೆ ಮತ್ತೆ ಕೂತೆ, ಈಗ್ಲೂ ಕೂರ್ತೀನಿ. ನನ್ನ ಕ್ಲಾಸಲ್ಲಿ ನಾಸ್ತಿಕರೂ ಇದ್ರು, ಯಾರ ಉತ್ತರಪತ್ರಿಕೆ ನೋಡಿದ್ರೂ ಯಾರು ಯಾವ ಕಡೆ ಅಂತ ಹೇಳೋಕೆ ಆಗ್ತಿರ್ಲಿಲ್ಲ.

ಪದದ_ಜಾಡು:
ಒಂದು ಸೇರಿಸ್ತೀನಿ. 'ವಿಶ್ವ ಧರ್ಮಗಳು' ಅನ್ನೋ ಪಟ್ಟೀನೇ ಈ ಕೋರ್ಸಲ್ಲಿ ಪ್ರಶ್ನೆಗೆ ಬರುತ್ತೆ, ನಂಗೆ ಅತಿ ಇಷ್ಟದ ಭಾಗ ಅದೇ. ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ 1870ರಲ್ಲಿ ಲಂಡನ್ನಲ್ಲಿ ಉಪನ್ಯಾಸ ಕೊಡ್ತಾ ಒಂದೇ ಧರ್ಮ ಗೊತ್ತಿರೋನಿಗೆ ಯಾವ ಧರ್ಮವೂ ಗೊತ್ತಿಲ್ಲ ಅಂದ್ರು, ಆಮೇಲೆ ಅವರ ಸಂಪಾದಕತ್ವದಲ್ಲಿ ಪೂರ್ವದೇಶಗಳ ಗ್ರಂಥಗಳ ಅನುವಾದ 50 ಸಂಪುಟ ಬಂತು, ದೊಡ್ಡ ಕೆಲಸಾನೇ. ಆದ್ರೆ ಗ್ರಂಥಾನೇ ಮುಖ್ಯ ಅಂತ ಹೊರಟ್ರೆ ಬರೆದಿಟ್ಟ ಗ್ರಂಥ ಇಲ್ದಿರೋ ಜನ, ಬಾಯಿಂದ ಬಾಯಿಗೆ ಹಾಡು ಕಥೆ ದಾಟಿಸೋ ಸಮುದಾಯಗಳು ಎಲ್ಲಿಗೆ ಹೋಗ್ಬೇಕು? ನಮ್ಮ ಭಾಷೇನೇ ನೋಡಿ, 'ಧರ್ಮ' ಅಂದ್ರೆ ಕರ್ತವ್ಯಾನೂ ಹೌದು, ನ್ಯಾಯಾನೂ ಹೌದು, ದಾನಾನೂ ಹೌದು, 'ಮತ' ಅಂದ್ರೆ ಅಭಿಪ್ರಾಯ, ವೋಟು ಕೂಡ. ಇಂಗ್ಲಿಷಿನ ರಿಲಿಜನ್ ಇವೆರಡರಲ್ಲಿ ಯಾವುದಕ್ಕೂ ಪೂರ್ತಿ ಕೂರಲ್ಲ. ಜಪಾನೀಯರೂ 19ನೇ ಶತಮಾನದಲ್ಲಿ ಅದೇ ಪದಕ್ಕೆ ಶೂಕ್ಯೋ ಅನ್ನೋದನ್ನ ಹೊಂದಿಸ್ಬೇಕಾಯ್ತು. ಫ್ರೆಂಚ್ ಸಮಾಜಶಾಸ್ತ್ರಜ್ಞ ದುರ್ಖೈಮ್ 1912ರಲ್ಲೇ ಧರ್ಮದ ವ್ಯಾಖ್ಯೆಗೆ ದೇವರು ಬೇಕೇ ಬೇಕು ಅಂತಿಲ್ಲ ಅಂತ ಬೌದ್ಧರನ್ನ ಉದಾಹರಣೆ ಕೊಟ್ಟಿದ್ರು.

ಸಂಜೆಗಾಳಿ:
ಕೆಲಸದ ಬಗ್ಗೆ ಯಾರೂ ಹೇಳ್ಲಿಲ್ಲ. ನೇರ ದಾರಿ ಇಲ್ಲ, ಅಪ್ಪಂಗೆ ಅದನ್ನ ಮೊದಲೇ ಹೇಳ್ಬಿಡಿ. ಟೀಚಿಂಗ್, ಪತ್ರಿಕೋದ್ಯಮ, ಮ್ಯೂಸಿಯಂ, ಸಮಾಜಸೇವೆ, ಕಾನೂನು ಕಡೆ ಹೋಗೋರು ಇದಾರೆ, ಹೆಚ್ಚಿನೋರು ಮೇಲೆ ಇನ್ನೊಂದು ಓದು ಸೇರಿಸ್ಕೊಳ್ತಾರೆ.

ಮಳೆಹನಿ:
ತುಂಬಾ ಥ್ಯಾಂಕ್ಸ್, ಉಪವಾಸದ ಭಾಗ ಅಮ್ಮಂಗೆ ಓದಿ ಹೇಳ್ದೆ, ಜೈನರದ್ದು ಇನ್ನೊಂದ್ಸಲ ಓದು ಅಂದ್ರು. ಒಂದೇ ಡೌಟು, ಭಾಷೆ ಕಲೀಲೇಬೇಕಾ?

ಹಳೇ_ವಿದ್ಯಾರ್ಥಿ:
ಕೆಲವು ಕಡೆ ಕಡ್ಡಾಯ ಅಲ್ಲ, ಆದ್ರೂ ಕಲಿ. ಸಂಸ್ಕೃತ, ಪಾಲಿ, ಅರೇಬಿಕ್, ಹೀಬ್ರೂ, ಗ್ರೀಕ್, ಯಾವುದಾದ್ರೂ ಒಂದು, ಮೊದಲ ವರ್ಷಾನೇ ಶುರು ಮಾಡು. ನಾನು ಮೂರನೇ ವರ್ಷಕ್ಕೆ ಅಂತ ಮುಂದಕ್ಕೆ ಹಾಕಿದ್ದೆ, ಪ್ರಾಜೆಕ್ಟ್ ಟೈಮಲ್ಲಿ ಎರಡು ಅನುವಾದ ಎದುರಿಗಿಟ್ಕೊಂಡು ಎರಡೂ ಬೇರೆ ಬೇರೆ ಹೇಳ್ತಿವೆ, ಯಾವುದು ಸರಿ ಅಂತ ಮೂಲ ನೋಡೋಕೆ ನಂಗೆ ಅಕ್ಷರಾನೂ ಬರ್ತಿರ್ಲಿಲ್ಲ.