ಕೆವಿಎಂ ಸ್ವಿಚ್: 8ರಲ್ಲಿ 2 ಸರ್ವರ್‌ಗಳ ಚಿತ್ರದಲ್ಲಿ ನೆರಳು, ಕೀಲಿಗಳೂ ತಪ್ಪುತ್ತಿವೆ

ಪೀಣ್ಯ_ಸರ್ವರ್‌ಕೋಣೆ: ನಮ್ಮ ಕಚೇರಿಯ 8 ಸರ್ವರ್‌ಗಳನ್ನು ಐಪಿ (ನೆಟ್‌ವರ್ಕ್) ಮೂಲಕ ತೆರೆಯುವ ಕೆವಿಎಂ ಸ್ವಿಚ್‌ಗೆ, ಅಂದರೆ ಒಂದೇ ಕೀಬೋರ್ಡ್, ಮೌಸ್, ಪರದೆಯಿಂದ ಹಲವು ಸರ್ವರ್‌ಗಳನ್ನು ನಡೆಸುವ ಪೆಟ್ಟಿಗೆಗೆ, ಜೋಡಿಸಿದ್ದೇನೆ. ಪ್ರತಿ ಸರ್ವರ್‌ನ ವಿಜಿಎ (ಅನಲಾಗ್ ವಿಡಿಯೊ), ಯುಎಸ್‌ಬಿಗಳಿಗೆ ಅಡಾಪ್ಟರ್ ಹಾಕಿ, ಅಲ್ಲಿಂದ ಸ್ವಿಚ್‌ವರೆಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದಿದೆ. 7 ಮತ್ತು 8ನೆಯ ಪೋರ್ಟ್‌ಗಳಲ್ಲಿ ಮಾತ್ರ ಅಕ್ಷರಗಳ ಪಕ್ಕದಲ್ಲಿ ನೆರಳು ಬೀಳುತ್ತದೆ. ಪಾಸ್‌ವರ್ಡ್ ಟೈಪಿಸಿದರೆ ನಡುವೆ ಒಂದೆರಡು ಅಕ್ಷರಗಳು ಬರುವುದೇ ಇಲ್ಲ. ಮೂರು ದಿನಗಳಿಂದ ಇದರಲ್ಲೇ ಮುಳುಗಿದ್ದೇನೆ. ಕೇಬಲ್ ಪರೀಕ್ಷಿಸಿಯಾಗಿದೆ, ದಯವಿಟ್ಟು ಅದನ್ನು ಮತ್ತೆ ಕೇಳಬೇಡಿ.

ಜಯನಗರ_4ನೇ_ಬ್ಲಾಕ್: ಇದು ಇಡಿಐಡಿ ಸಮಸ್ಯೆಯೇ. ಮಾನಿಟರ್ ತನ್ನ ಸಾಮರ್ಥ್ಯವನ್ನು 128 ಬೈಟ್‌ಗಳ ಇಡಿಐಡಿಯಲ್ಲಿ ತಿಳಿಸುತ್ತದೆ. ಅಡಾಪ್ಟರ್ ಅದನ್ನು ಸರಿಯಾಗಿ ಒಪ್ಪಿಸದಿದ್ದರೆ ಸರ್ವರ್ ತನಗೆ ತೋಚಿದ ರೆಸಲ್ಯೂಷನ್ ಕಳುಹಿಸುತ್ತದೆ. 1024×768ಕ್ಕೆ ಇಳಿಸಿ ನೋಡಿ.

ಪೀಣ್ಯ_ಸರ್ವರ್‌ಕೋಣೆ: ಇಳಿಸಿದೆ. ನೆರಳು ಕೊಂಚ ತಗ್ಗಿತು, ಹೋಗಲಿಲ್ಲ. ಅಡಾಪ್ಟರ್‌ಗಳನ್ನು ಅದಲುಬದಲು ಮಾಡಿದರೂ ತೊಂದರೆ 7 ಮತ್ತು 8ರಲ್ಲೇ ಉಳಿಯಿತು.

ಜಯನಗರ_4ನೇ_ಬ್ಲಾಕ್: ಹಾಗಾದರೆ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ನವೀಕರಿಸಿ, ಇಡಿಐಡಿಯನ್ನು ಮತ್ತೆ ಓದಿಸಿ.

ತಂತಿಗಾರ: ಕೀಲಿಗಳು ತಪ್ಪುವುದಕ್ಕೂ ಇಡಿಐಡಿಗೂ ಏನು ಸಂಬಂಧ ಸರ್? ಅನಲಾಗ್ ವಿಡಿಯೊಗೆ ಕ್ಯಾಟ್ 6 ಆರಿಸಿದ್ದೂ ನನಗೆ ಸರಿ ಕಾಣುವುದಿಲ್ಲ. ಅದರ ನಾಲ್ಕು ತಂತಿ ಜೋಡಿಗಳ ಹುರಿ ಒಂದೊಂದು ಬಗೆಯಾದ್ದರಿಂದ ದೂರ ಹೆಚ್ಚಿದಂತೆ ಕೆಂಪು, ಹಸಿರು, ನೀಲಿ ಸಂಕೇತಗಳು ಹಿಂದುಮುಂದಾಗಿ ತಲುಪುತ್ತವೆ.

ಜಯನಗರ_4ನೇ_ಬ್ಲಾಕ್: ಉಳಿದ ಆರೂ ಕ್ಯಾಟ್ 6 ಕೇಬಲ್‌ಗಳೇ ತಾನೆ? ಅವು ಹೇಗೆ ಸರಿಯಾಗಿವೆ?

ರಾಜಾಜಿನಗರದ_ಪೈ: ನಾನು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಪೈಕೆವಿಎಂ ಎಂಬ ಕೆವಿಎಂ ತಂತ್ರಾಂಶ ಹಾಕಿಕೊಂಡಿದ್ದೇನೆ. ಎಚ್‌ಡಿಎಂಐ ನೇರವಾಗಿ ಹಿಡಿಯುತ್ತದೆ, ಮನೆಯಲ್ಲಿ ಕುಳಿತೇ ಬಯಾಸ್ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ತೆರೆಯುತ್ತೇನೆ. ಇಂಥ ತಲೆನೋವು ಒಂದೂ ಇಲ್ಲ.

ತಂತಿಗಾರ: ಅವರಿಗೆ ಎಂಟು ಪೈ ಕೊಳ್ಳಿಸುವ ಮಾತು ಈಗ ಬೇಡ. ಪೀಣ್ಯದವರೇ, 7 ಮತ್ತು 8ರ ಕೇಬಲ್‌ಗಳು ಉಳಿದವುಗಳ ಜೊತೆಗೇ ಬಂದವೇ? ತುದಿಗಳಲ್ಲಿ ಬಣ್ಣಗಳ ಕ್ರಮ ಯಾವುದು?

ಪೀಣ್ಯ_ಸರ್ವರ್‌ಕೋಣೆ: ಇಲ್ಲ, ಆರು ಕೇಬಲ್‌ಗಳು ಕಾರ್ಖಾನೆಯಲ್ಲೇ ಸಿದ್ಧವಾದ 3 ಮೀಟರಿನವು. ಈ ಎರಡು ಮೇಲಿನ ಮಹಡಿಗೆ ಹೋಗುವ 30 ಮೀಟರಿನವು, ಎಸ್.ಪಿ. ರಸ್ತೆಯಿಂದ ರೋಲ್ ತಂದು ನಾವೇ ಕ್ರಿಂಪ್ ಮಾಡಿದೆವು (ತುದಿಗೆ ಪ್ಲಗ್ ಒತ್ತಿ ಕೂರಿಸಿದೆವು). ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಹೀಗೆಯೇ ಇದೆ, ಟೆಸ್ಟರ್‌ನಲ್ಲಿ ಎಂಟೂ ದೀಪಗಳು ಸಾಲಾಗಿ ಹೊತ್ತುತ್ತವೆ.

ತಂತಿಗಾರ: ಇದನ್ನು ಮೊದಲ ದಿನವೇ ಬರೆದಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. 3 ಮತ್ತು 6ನೆಯ ಪಿನ್‌ಗಳು ಒಂದೇ ಜೋಡಿಗೆ ಸೇರಬೇಕು. ನಿಮ್ಮಲ್ಲಿ 3ಕ್ಕೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯದು ಸಿಕ್ಕಿದೆ. ಜೊತೆಯಾಗಿ ಹುರಿಗೊಳ್ಳದ ತಂತಿಗಳಲ್ಲಿ ಸಂಕೇತ ಹರಿದಾಗ ಒಂದರದ್ದು ಇನ್ನೊಂದಕ್ಕೆ ಸೋರುತ್ತದೆ. ದೀಪದ ಟೆಸ್ಟರ್ ತಂತಿ ತುಂಡಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಯಾವುದು ಯಾವುದರ ಜೊತೆ ಎಂಬುದನ್ನು ಹೇಳುವುದಿಲ್ಲ. 4ಕ್ಕೆ ನೀಲಿ, 5ಕ್ಕೆ ಬಿಳಿ-ನೀಲಿ, 6ಕ್ಕೆ ಹಸಿರು ಹಾಕಿ ಎರಡೂ ತುದಿಗಳನ್ನು ಮತ್ತೆ ಕ್ರಿಂಪ್ ಮಾಡಿ.

ಪೀಣ್ಯ_ಸರ್ವರ್‌ಕೋಣೆ: 7ನೆಯದು ಕನ್ನಡಿಯಂತಾಗಿದೆ, ಪಾಸ್‌ವರ್ಡೂ ಒಂದೇ ಸಲಕ್ಕೆ ಹೋಯಿತು. 8ರ ತುದಿಯನ್ನು ಕತ್ತರಿಸಿದ ಮೇಲೆ ಕೇಬಲ್ ಅಡಾಪ್ಟರ್‌ಗೆ ಎಟಕುತ್ತಿಲ್ಲ. ಭಾನುವಾರ ಹೊಸದನ್ನು ಎಳೆಯಬೇಕು.

ಜಯನಗರ_4ನೇ_ಬ್ಲಾಕ್: ಎಳೆದ ಮೇಲೆ ಇಡಿಐಡಿಯನ್ನೂ ಒಮ್ಮೆ ಓದಿಸಿಬಿಡಿ.