ಸಹಾಯ ಬೇಕು: ಆಗುಂಬೆ ಘಾಟಿಯಲ್ಲಿ ಅಮ್ಮನಿಗೆ ಸಿಂಗಳೀಕ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಅಮ್ಮನ ಜೊತೆ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾರಿಯಲ್ಲಿ ಉಡುಪಿಗೆ ಹೊರಟಿದ್ದೇವೆ. ಅಮ್ಮನಿಗೆ 68 ವರ್ಷ, ಮಂಡಿ ನೋವು. ಕಾಡೊಳಗೆ ನಡೆಯೋಕೆ ಆಗಲ್ಲ. ಕಾರಿನಿಂದಲೇ ನೋಡಬೇಕು.

ಹೋದ ವರ್ಷ ಒಂದು ತಿರುವಿನಲ್ಲಿ ನನಗೆ ಸಿಂಗಳೀಕ ಅನ್ನೋ ಕೋತಿ ಕಂಡಿತ್ತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಎತ್ತರದ ಮರದಲ್ಲಿ ಕೂತು ಏನೋ ಹಣ್ಣು ಸುಲಿಯುತ್ತಿತ್ತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ ಅಂದಾಗಿಂದ ಅಮ್ಮ ನೋಡಲೇಬೇಕು ಅಂತಿದ್ದಾರೆ.

ಬೆಳಿಗ್ಗೆ ಎಷ್ಟು ಗಂಟೆಗೆ ಘಾಟಿಯಲ್ಲಿದ್ದರೆ ಒಳ್ಳೆಯದು? 14 ತಿರುವುಗಳಲ್ಲಿ ಬೇರೆ ವಾಹನಗಳಿಗೆ ತೊಂದರೆಯಾಗದಂತೆ ಎಲ್ಲಿ ನಿಲ್ಲಿಸಬಹುದು? ಘಾಟಿಯ ಕೆಳಗೆ, ಸೋಮೇಶ್ವರದ ಕಡೆ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್), ಕೆಂಚಳಿಲು ಜಾಸ್ತಿ ಕಾಣುವ ಜಾಗ ಇದೆಯಾ?

ಸಿಂಗಳೀಕಗಳು ರಸ್ತೆಗೆ ಇಳಿದಿದ್ದರೆ ನಾವು ನಿಲ್ಲಿಸುವುದಿಲ್ಲ. ಜನ ಚಿಪ್ಸ್, ಬಾಳೆಹಣ್ಣು ಕೊಟ್ಟು ಅಭ್ಯಾಸ ಮಾಡಿಸಿ, ಅವು ಗಾಡಿಗೆ ಸಿಗೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಮರದ ಮೇಲೆ ಕಂಡರೆ ಸಾಕು. ಆ ಕಡೆಯವರು ದಯವಿಟ್ಟು ತಿಳಿಸಿ.